ಕೋವಿ ಮೇಷ್ಟ್ರ ಎರಡು ವರದಿಗಳು

ಯುದ್ಧದ ಇತಿಹಾಸದಲ್ಲಿ ಸೇನಾಪತಿಗಳಿಗೆ ಅಧ್ಯಾಯಗಳು ಸಿಗುತ್ತವೆ, ಸೈನಿಕರಿಗೆ ಒಂದೆರಡು ಸಾಲುಗಳಾದರೂ ಸಿಗುತ್ತವೆ. ಆ ಸೈನಿಕನ ಕೈಯಲ್ಲಿದ್ದ ರೈಫಲ್ ಹೊತ್ತಿಗೆ ಕೈಕೊಡದಂತೆ ನೋಡಿಕೊಂಡವರಿಗೆ ಮಾತ್ರ ಅಡಿಟಿಪ್ಪಣಿಯೂ ಸಿಗುವುದಿಲ್ಲ. ಅಂಥವರ ಸಾಲಿನಲ್ಲಿ ಮೂವತ್ತೇಳು ವರ್ಷ ನಿಂತು ಈ ತಿಂಗಳು ನಿವೃತ್ತರಾಗುತ್ತಿರುವ, ಆಯುಧ ಕಾರ್ಯಾಗಾರದ ಮುಖ್ಯ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆಯುವವರು ಸೇನೆಯಲ್ಲಿ ಕಡಿಮೆ. ಎಲ್ಲರಿಗೂ ಅವರು ಕೋವಿ ಮೇಷ್ಟ್ರು. ಸೇನೆಯೊಂದು ತನ್ನ ರೈಫಲನ್ನು ಯಾವಾಗ ಉಳಿಸಿಕೊಳ್ಳಬೇಕು, ಯಾವಾಗ ಬೀಳ್ಕೊಡಬೇಕು ಎಂಬ ಪ್ರಶ್ನೆಗೆ ಅವರು ಎರಡು ಸಲ ಉತ್ತರ ಕೊಟ್ಟರು. ಎರಡನೆಯ ಸಲ ತಮ್ಮ ಮೊದಲ ಉತ್ತರವನ್ನು ತಾವೇ ತಿದ್ದಿದರು. ಎರಡು ಸಲವೂ ಅವರ ಪಕ್ಕದಲ್ಲಿದ್ದವರು ಇಂದು ಪರೀಕ್ಷಾ ವಿಭಾಗದ ಮುಖ್ಯಸ್ಥೆಯಾಗಿರುವ ಅವರ ಶಿಷ್ಯೆ. ಈ ಬರಹ ಆ ಶಿಷ್ಯೆಯ ನೆನಪುಗಳನ್ನು ಆಧರಿಸಿದ್ದು.

ಶಿಷ್ಯೆ ಇಪ್ಪತ್ಮೂರನೆಯ ವಯಸ್ಸಿಗೆ ಕಿರಿಯ ಪರೀಕ್ಷಕಿಯಾಗಿ ಕಾರ್ಯಾಗಾರಕ್ಕೆ ಬಂದರು. ಮೊದಲ ವಾರವೇ ನಲವತ್ತು ರೈಫಲ್‌ಗಳಿಗೆ ಅಳತೆಗೋಲು ಹಿಡಿದು, ಎಲ್ಲಕ್ಕೂ ಒಪ್ಪಿಗೆಯ ಮೊಹರು ಒತ್ತಿಬಿಟ್ಟರು. ಅವುಗಳಲ್ಲೊಂದರ ಒಳಗೆ ಕೂದಲೆಳೆಯಷ್ಟು ಬಿರುಕಿತ್ತು. ಅದು ಮೇಷ್ಟ್ರ ಕಣ್ಣಿಗೆ ಬಿತ್ತು. ಮೇಲಧಿಕಾರಿಗೆ ಒಂದು ಚೀಟಿ ಹೋಗಿದ್ದರೆ ಹೊಸ ನೌಕರಿ ಅಲ್ಲಿಗೇ ಮುಗಿಯುತ್ತಿತ್ತು. ಅವರು ಚೀಟಿ ಬರೆಯದೆ, ಒಂದು ಸ್ಟೂಲು ಎಳೆದು ತಮ್ಮ ಮೇಜಿನ ಪಕ್ಕ ಹಾಕಿಸಿದರು.

"ಅಳತೆಗೋಲು ಸುಳ್ಳು ಹೇಳಲ್ಲ ತಾಯಿ. ಆದ್ರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೆ. ಮಿಕ್ಕಿದ್ದನ್ನ ನೀನೇ ಕೇಳಬೇಕು," ಎಂದರು.

ನಲವತ್ತನ್ನೂ ಇಬ್ಬರೂ ಕೂತು ಮತ್ತೆ ನೋಡಿದರು. ಆ ಸ್ಟೂಲು ಆರು ವರ್ಷ ಅಲ್ಲಿಂದ ಕದಲಲಿಲ್ಲ.

ಮೇಷ್ಟ್ರ ಮೊದಲ ಪರೀಕ್ಷೆಯ ಕಾಲ ಬಂದದ್ದು ಆ ದಿನಗಳಲ್ಲೇ. ಗಡಿಯ ಠಾಣೆಯೊಂದರಲ್ಲಿ ಚಕಮಕಿಯ ನಡುವೆ ಗುಂಡುಗಳು ರೈಫಲ್‌ಗಳೊಳಗೇ ಸಿಕ್ಕಿಕೊಂಡು ಮೂವರು ಗಾಯಗೊಂಡರು. ಸೇನೆಯ ಮುಖ್ಯ ಕಚೇರಿ ಕೆಂಡವಾಯಿತು. "ಈ ಹಳೇ ಕಬ್ಬಿಣ ಸಾಕು, ಹೊಸದು ತನ್ನಿ" ಎಂಬ ಕೂಗೆದ್ದಿತು. ಮಾರಾಟಗಾರರು ಹೊಳೆಯುವ ಮಾದರಿಗಳನ್ನು ಮಖಮಲ್ಲಿನ ಪೆಟ್ಟಿಗೆಗಳಲ್ಲಿ ಹೊತ್ತು ತಂದರು. ಮೇಷ್ಟ್ರು ಪೆಟ್ಟಿಗೆಗಳತ್ತ ಕಣ್ಣೆತ್ತಿಯೂ ನೋಡದೆ ಠಾಣೆಗೆ ಒಂದೇ ಸಾಲಿನ ಕೋರಿಕೆ ಕಳಿಸಿದರು: ಸಿಕ್ಕಿಕೊಂಡ ರೈಫಲ್‌ಗಳನ್ನು ಒರೆಸದೆ, ಬಿಚ್ಚದೆ, ಇದ್ದ ಹಾಗೆಯೇ ಕಳಿಸಿರಿ.

ಕೆಸರು ಮೆತ್ತಿಕೊಂಡಿದ್ದ ಹನ್ನೊಂದು ರೈಫಲ್‌ಗಳು ಬಂದವು. ಗುರುಶಿಷ್ಯೆಯರು ಒಂಬತ್ತು ದಿನ ಅವುಗಳ ಬೆನ್ನು ಬಿದ್ದರು. ಐದನೆಯ ದಿನ ಶಿಷ್ಯೆಗೆ ಏನೋ ಹೊಳೆದು, ರೈಫಲನ್ನು ಬಿಟ್ಟು ಗುಂಡು ತುಂಬುವ ಮ್ಯಾಗಜಿನ್‌ಗಳನ್ನು ಸಾಲಾಗಿ ಇಟ್ಟು ನೋಡಿದರು. ಎರಡು ವರ್ಷದ ಹಿಂದೆ ಕೊಂಡ ಮ್ಯಾಗಜಿನ್‌ಗಳ ತಗಡು ತೆಳ್ಳಗಿತ್ತು. ಬಳಸುತ್ತ ಬಳಸುತ್ತ ಬಾಯಂಚು ಅಗಲವಾಗಿ, ಗುಂಡು ಸೊಟ್ಟಗೆ ಏಳುತ್ತಿತ್ತು. ಅದೇ ರೈಫಲ್‌ಗಳಿಗೆ ಹಳೆಯ ಮ್ಯಾಗಜಿನ್ ಹಾಕಿ ಎರಡು ಸಾವಿರ ಗುಂಡು ಹಾರಿಸಿದರೆ ಒಂದೂ ಸಿಕ್ಕಿಕೊಳ್ಳಲಿಲ್ಲ.

ಮೇಷ್ಟ್ರ ವರದಿ ಎರಡೇ ಪುಟ. ಅದರ ಒಂದು ಸಾಲು ಸೇನೆಯಲ್ಲೆಲ್ಲ ಗಾದೆಯಾಯಿತು: "ಲಾಳ ಸಡಿಲವಾದರೆ ಲಾಳ ಬದಲಿಸಬೇಕು, ಕುದುರೆಯನ್ನಲ್ಲ." ಇನ್ನೊಂದು ಸಾಲನ್ನು ಹೆಚ್ಚಿನವರು ಓದಲಿಲ್ಲ: "ದೋಷವನ್ನು ಮೊದಲು ಕಂಡವರು ಕಿರಿಯ ಪರೀಕ್ಷಕಿ." ಮಾಡಿದ ಕೆಲಸ ಮಾಡಿದವರ ಹೆಸರಿಗೇ ಸೇರಬೇಕೆಂಬ ನೇಮ ಅವರದು. ಶಿಷ್ಯೆಯ ಮೊದಲ ಬಡ್ತಿ ಆ ಸಾಲಿನಿಂದಲೇ ಬಂತು.

"ಹೊಸ ರೈಫಲ್ ಅಂದ್ರೆ ಹೊಸ ಗುಂಡು, ಹೊಸ ಬಿಡಿಭಾಗ, ಹೊಸ ತರಬೇತಿ," ಎಂದು ಮೇಷ್ಟ್ರು ಆಗ ಹೇಳಿದ್ದರು. "ಕಣ್ಣು ಕಟ್ಟಿದ್ರೂ ಹಳೇದನ್ನ ಬಿಚ್ಚಿ ಜೋಡಿಸೋ ಸೈನಿಕರಿದ್ದಾರೆ. ಆ ಕೈ ಪಳಗೋಕೆ ವರ್ಷಗಳು ಬೇಕು, ಹಾಳು ಮಾಡೋಕೆ ಒಂದು ಆದೇಶ ಸಾಕು."

ಹದಿನಾಲ್ಕು ವರ್ಷ ಕಳೆಯಿತು. ಶಿಷ್ಯೆ ಪರೀಕ್ಷಾ ವಿಭಾಗಕ್ಕೆ ಹೋದರು, ಅದರ ಮುಖ್ಯಸ್ಥೆಯಾದರು. ಅವರ ಮೇಜಿನ ಮೇಲೆ ಬೇರೆ ಬಗೆಯ ದೂರುಗಳು ಬೀಳತೊಡಗಿದವು. ರೈಫಲ್‌ಗಳ ಒಡಲಲ್ಲೇ ಬಿರುಕು. ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆಗೆ ಬೀಗ. ಗುಂಡುನಿರೋಧಕ ಕವಚ ತೊಟ್ಟ ಸೈನಿಕರಿಗೆ ರೈಫಲ್‌ನ ಉದ್ದನೆಯ ಮರದ ಹಿಂಬದಿಯನ್ನು ಭುಜಕ್ಕೆ ಸರಿಯಾಗಿ ಆನಿಸಲಾಗದ ಪಾಡು. ಎಂಟು ತಿಂಗಳು ಪರೀಕ್ಷಿಸಿ ಅವರು ವರದಿ ಬರೆದರು: ಈ ರೈಫಲನ್ನು ಬದಲಿಸಬೇಕು. ಮೇಷ್ಟ್ರು ಜನ್ಮವಿಡೀ ಸಾಕಿದ ರೈಫಲ್ ಅದು. ಅವರಿಗೆ ತೋರಿಸದೆ ಕಳಿಸಲು ಮನಸ್ಸು ಒಪ್ಪದೆ, ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದರು.

ಮೇಷ್ಟ್ರ ಪತ್ನಿ ದರ್ಜಿ. ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಯಂತ್ರಕ್ಕೆ ಮೇಷ್ಟ್ರು ಎಣ್ಣೆ ಬಿಡುತ್ತಿದ್ದರು.

"ಸಾಕು ಬಿಡ್ರೀ, ಇದು ನಿಮ್ಮ ಬಂದೂಕಲ್ಲ. ಗಿರಾಕಿಗಳ ಬಟ್ಟೆಗೆಲ್ಲ ಕಲೆ ಆಗುತ್ತೆ," ಎಂದು ಪತ್ನಿ ಗದರಿ, ಶಿಷ್ಯೆಗೆ ಕುರ್ಚಿ ಕೊಟ್ಟರು.

ಮೇಷ್ಟ್ರು ವರದಿಯನ್ನು ನಿಧಾನವಾಗಿ ಓದಿದರು. ಬಿರುಕಿನ ಪುಟಗಳಲ್ಲಿ ತಲೆಯಾಡಿಸಿದರು. ಭುಜದ ಅಳತೆಯ ಪುಟದಲ್ಲಿ ನಿಂತರು.

"ಇದೊಂದು ಹೆಚ್ಚಾಯ್ತು ತಾಯಿ. ಅಭ್ಯಾಸ ಆದ್ರೆ ಎಲ್ಲ ಸರಿಹೋಗುತ್ತೆ."

ಉತ್ತರ ಬಂದದ್ದು ಹೊಲಿಗೆ ಯಂತ್ರದ ಕಡೆಯಿಂದ.

"ಏನು ಅಭ್ಯಾಸ? ಊರಿಗೆಲ್ಲ ಒಂದೇ ಅಳತೆ ಅಂಗಿ ಹೊಲಿದುಕೊಟ್ಟು ಅಭ್ಯಾಸ ಮಾಡ್ಕೊಳ್ಳಿ ಅಂದ್ರೆ ನನ್ನ ಅಂಗಡಿ ನಡೆಯುತ್ತಾ? ದಪ್ಪ ಕೋಟು ಹಾಕಿದ ಮೇಲೆ ತೋಳಿನ ಅಳತೆ ಬೇರೆ ಅಲ್ವೇನ್ರೀ?"

ಮೇಷ್ಟ್ರು ಮರುದಿನ ಫೈರಿಂಗ್ ಮೈದಾನಕ್ಕೆ ಬಂದು, ಐವತ್ತೆಂಟರ ವಯಸ್ಸಿನಲ್ಲಿ ಆ ಭಾರದ ಕವಚ ತೊಟ್ಟು, ನೆಲಕ್ಕೆ ಮೈಚಾಚಿ ಅರವತ್ತು ಗುಂಡು ಹಾರಿಸಿದರು. ಗುರಿಹಲಗೆಯ ನಡುವಿಗೆ ಬಿದ್ದದ್ದು ಒಂಬತ್ತು. ಕವಚ ಬಿಚ್ಚಿಟ್ಟು ಹೊರಟುಹೋದರು. ವರದಿಯ ಮೇಲಿನ ಅಂತಿಮ ಸಭೆಯವರೆಗೂ ಅವರ ಮನಸ್ಸಿನಲ್ಲೇನಿದೆಯೆಂದು ಶಿಷ್ಯೆಗೆ ತಿಳಿಯಲಿಲ್ಲ.

ಸಭೆಯ ಅಧ್ಯಕ್ಷರು ಅದೇ ರೈಫಲ್ ಹಿಡಿದು ಹೋರಾಡಿ ಮೇಲೆ ಬಂದ ದಂಡನಾಯಕರು. ಅವರು ಲಾಳದ ಸಾಲನ್ನು ಗಟ್ಟಿಯಾಗಿ ಓದಿ, "ಏನಮ್ಮ, ಗುರುವಿಗೇ ತಿರುಮಂತ್ರವಾ?" ಎಂದರು. ಕೋಣೆಯಲ್ಲಿ ನಗು ಹರಡಿತು. ಎಂಟು ತಿಂಗಳ ದುಡಿಮೆ ಆ ನಗುವಿನಲ್ಲಿ ಕೊಚ್ಚಿಹೋಗುವುದು ಶಿಷ್ಯೆಗೆ ಕಾಣುತ್ತಿತ್ತು.

ಹಿಂದಿನ ಸಾಲಿನಿಂದ ಮೇಷ್ಟ್ರು ಎದ್ದರು.

"ಸರ್, ಆ ಸಾಲು ನಂದು. ಆವತ್ತು ಲಾಳ ಸಡಿಲ ಆಗಿತ್ತು. ಇವತ್ತು ಕುದುರೆಗೇ ವಯಸ್ಸಾಗಿದೆ. ಮೂರು ರೈಫಲ್ ಬಿಚ್ಚಿ ಆ ಭಾಗಗಳಿಂದ ಒಂದನ್ನ ನಿಲ್ಲಿಸ್ತಾ ಇದ್ದೀವಿ, ಅದು ನಿಮಗೆ ಗೊತ್ತಿಲ್ಲ, ಯಾಕಂದ್ರೆ ನಾನು ಚೆನ್ನಾಗಿ ಮುಚ್ಚಿಟ್ಟಿದ್ದೀನಿ. ಇನ್ನೊಂದು ಮಾತು. ಹಿಡಿಯೋಕೆ ಕಷ್ಟ ಅಂತ ಗಿಡ್ಡ ಮೈಕಟ್ಟಿನ ಸೈನಿಕರು ಆವಾಗ್ಲೂ ಬರೆದಿದ್ರು. ಅಭ್ಯಾಸ ಆಗುತ್ತೆ ಅಂತ ನಾನು ಉತ್ತರ ಕೊಟ್ಟೆ. ಅದು ತಪ್ಪು. ಹದಿನಾಲ್ಕು ವರ್ಷ ಅವರು ಆ ತಪ್ಪನ್ನ ಭುಜದ ಮೇಲೆ ಹೊತ್ರು. ಈ ಹೆಣ್ಣುಮಗಳು ಬರೆದಿರೋದು ಸರಿ."

ಮುಂದೆ ಬಂದು, ಜೇಬಿನಿಂದ ಪೆನ್ನು ತೆಗೆದು, ವರದಿಯಲ್ಲಿ ಶಿಷ್ಯೆಯ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು. ಯಾರೂ ನಗಲಿಲ್ಲ. ಆ ವರ್ಷವೇ ಬದಲಾವಣೆಗೆ ಒಪ್ಪಿಗೆಯಾಯಿತು. ಹಿಂಬದಿಯನ್ನು ಅವರವರ ಮೈಕಟ್ಟಿಗೆ ತಕ್ಕಂತೆ ಉದ್ದ, ಗಿಡ್ಡ ಮಾಡಬಹುದಾದ ರೈಫಲ್ ಇಂದು ಸೈನಿಕರ ಕೈಯಲ್ಲಿದೆ.

ಹೊಸ ರೈಫಲ್‌ನ ಮೊದಲ ದುರಸ್ತಿ ತರಬೇತಿಗೆ ಹೆಸರು ಬರೆಸಿದವರ ಪಟ್ಟಿ ನೋಡಿ ಶಿಷ್ಯೆ ದಂಗಾದರು. ನಿವೃತ್ತಿಗೆ ಹತ್ತೇ ತಿಂಗಳು ಉಳಿದಿದ್ದ ಮೇಷ್ಟ್ರ ಹೆಸರು ಅಲ್ಲಿತ್ತು. ಕಲಿಸಬೇಕಾದವರು ಸ್ವತಃ ಶಿಷ್ಯೆ. ಮೊದಲ ದಿನ ಕೋಣೆಗೆ ಕಾಲಿಟ್ಟಾಗ ಇಪ್ಪತ್ತು ಕಿರಿಯರ ಜೊತೆ ಅವರೂ ಎದ್ದು ನಿಂತರು.

"ಮೇಷ್ಟ್ರೇ, ದಯವಿಟ್ಟು ಕೂತ್ಕೊಳ್ಳಿ," ಎಂದರು ಶಿಷ್ಯೆ, ಮುಖ ಕೆಂಪಾಗಿ.

"ಇಲ್ಲಿ ಮೇಷ್ಟ್ರು ನೀವು, ಮೇಡಂ," ಎಂದವರೇ ಕೂತು, ನೋಟ್‌ಬುಕ್ ತೆರೆದು, ಪಾಠದ ನಡುವೆ ಕೈ ಎತ್ತಿದರು. "ಒಂದು ಡೌಟು, ಕೇಳಬಹುದಾ?"

ಆರು ವಾರ ಒಂದು ದಿನವೂ ತಪ್ಪಿಸಲಿಲ್ಲ. ಪರೀಕ್ಷೆಯಲ್ಲಿ ನಾಲ್ಕನೆಯವರಾಗಿ ತೇರ್ಗಡೆಯಾಗಿ, ಆ ಪ್ರಮಾಣಪತ್ರವನ್ನು ಮನೆಯ ಮುಂದಿನ ಕೋಣೆಯಲ್ಲಿ ತೂಗುಹಾಕಿದ್ದಾರೆ. ಅವರಿಗೆ ಬಂದ ಪದಕಗಳು ಎಲ್ಲಿವೆಯೆಂದು ಅವರ ಪತ್ನಿಗೂ ಸರಿಯಾಗಿ ಗೊತ್ತಿಲ್ಲ.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬಂದು ಹೊಸಬರ ಪಕ್ಕ ಕೂರುವುದಾಗಿ ಅವರು ಒಪ್ಪಿದ್ದಾರೆ. ಅವರ ಕಣ್ಣು ಮಂಜಾಗದಿರಲಿ, ಕೈ ನಡುಗದಿರಲಿ, ಆ ದಂಪತಿಗಳ ಮನೆಯಲ್ಲಿ ಜಗಳವೂ ನಗುವೂ ನೂರು ವರ್ಷ ತುಂಬಿರಲಿ. ಇನ್ನೂ ಬಹುಕಾಲ ಅವರು ನಮ್ಮ ನಡುವೆ ಕೂತು ಕಲಿಸಲಿ, ಕಲಿಯಲಿ, ಕೈ ಎತ್ತಿ ಪ್ರಶ್ನೆ ಕೇಳುತ್ತಿರಲಿ.