ಲಾರಿಯಲ್ಲಿ ಬಂದ ಚಿರತೆ

ಐವತ್ತರ ದಶಕದ ಮಾತು. ಕಾರಡ್ಕದ ನಮ್ಮ ದನದ ಹಟ್ಟಿಯಿಂದ ಚಿರತೆ ಆಡನ್ನು ಹೊತ್ತೊಯ್ದಾಗ ನನಗೆ ಎಂಟು ವರ್ಷ. ಹಂದಿಗಳ ಕಾಟ ತಗ್ಗಿಸಲು ಫಾರೆಸ್ಟಿನವರೇ ಅದನ್ನು ಎಲ್ಲಿಂದಲೋ ಹಿಡಿದು ತಂದು ನಮ್ಮ ಕಾಡಿಗೆ ಬಿಟ್ಟಿದ್ದಾರೆಂದು ಊರೇ ನಂಬಿತ್ತು, ನಾನೂ ನಂಬಿದ್ದೆ. ಟಾರ್ಪಾಲು ಮುಚ್ಚಿದ ಲಾರಿಯನ್ನು ಕಂಡವರಿದ್ದರು. ಒಳಗಿದ್ದುದನ್ನು ಕಂಡವರು ಯಾರೂ ಇರಲಿಲ್ಲ.

"ಊರಿನ ಚಿರತೆಗೆ ಮರ್ಯಾದೆ ಉಂಟು ಮಾರಾಯ, ಹಟ್ಟಿಗೆ ನುಗ್ಗುವುದಿಲ್ಲ" ಎಂದರು ನಮ್ಮ ಜಗಲಿಯಲ್ಲಿ ಕೂತ ನೆರೆಮನೆಯ ಅಜ್ಜ.

ವಿಚಾರಿಸಲು ಬಂದ ಫಾರೆಸ್ಟ್ ಗಾರ್ಡ್, "ನಾವು ಎಂತದ್ದೂ ಬಿಡಲಿಲ್ಲ. ಇದು ಇಲ್ಲಿಯದ್ದೇ" ಎಂದ.

ಅಪ್ಪನಿಗೆ ಸಿಟ್ಟು ಬಂತು. "ಇಲ್ಲಿಯ ಕೊನೆಯದ್ದು ನನ್ನ ಬೋನಿಗೆ ಸಿಕ್ಕಿ ಸತ್ತಾಗಿದೆ. ಊರಿಗೆಲ್ಲ ಗೊತ್ತುಂಟು."

ಗೊತ್ತಿದ್ದದ್ದು ಅಪ್ಪ ಹೇಳಿದಷ್ಟೇ. ನಾನು ಹುಟ್ಟಿದ ವರ್ಷ, ಅವರು ಒಡ್ಡಿದ್ದ ಕಾಲು ಕಚ್ಚುವ ಕಬ್ಬಿಣದ ಬೋನಿನಲ್ಲಿ ಒಂದು ಚಿರತೆ ಮುಂಗಾಲಿನ ಬೆರಳು ಬಿಟ್ಟು ಓಡಿತ್ತು. ಅದರ ಹೆಣವನ್ನು ಯಾರೂ ನೋಡಿರಲಿಲ್ಲ. ಆ ಬೆರಳಿನ ಉಗುರನ್ನು ಬೆಳ್ಳಿಯಲ್ಲಿ ಕಟ್ಟಿಸಿ ನನ್ನ ಕೊರಳಿಗೆ ಹಾಕಿದ್ದರು.

ಗಾರ್ಡನಿಗೆ ನೀರು ಬೆಲ್ಲ ಕೊಟ್ಟು ಕಳಿಸಿದೆವು. ಅವನ ಮಾತನ್ನು ಮಾತ್ರ ಯಾರೂ ನಂಬಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪನ ಜೊತೆ ತೋಡಿಗೆ ಹೋದಾಗ ನೀರಂಚಿನ ಕೆಸರಿನಲ್ಲಿ ಚಿರತೆಯ ಹೆಜ್ಜೆಗಳಿದ್ದವು. ನಾನು ಬಗ್ಗಿ ಬೆರಳು ಎಣಿಸಿದೆ. ಎಲ್ಲ ಹೆಜ್ಜೆಯಲ್ಲೂ ನಾಲ್ಕು, ಒಂದು ಮುಂಗಾಲಿನದರಲ್ಲಿ ಮಾತ್ರ ಮೂರು. ನನ್ನ ಕೈ ತಾನಾಗಿಯೇ ಕೊರಳಿನ ಉಗುರಿಗೆ ಹೋಯಿತು.

ಅಪ್ಪ ನನ್ನ ಕೈಯನ್ನೇ ನೋಡಿದರು. ಆಮೇಲೆ ಆ ಹೆಜ್ಜೆಯನ್ನು ಅಂಗಾಲಿನಿಂದ ಉಜ್ಜಿ ಅಳಿಸಿ, "ಇದು ಲಾರಿಯಲ್ಲಿ ಬಂದದ್ದೇ" ಎಂದರು.