ಖರ್ಜೂರ ಕೊಯ್ಯಲು ಹೋದ ಹೆಂಗಸು

ಅಬ್ಬಾ ತೀರಿಕೊಂಡ ಮೇಲೆ ಅಮ್ಮಿ ಇದ್ದತ್ತಿಗೆ ಕೂತಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಸಿಂಗಾರ ಬಿಟ್ಟು ಮನೆಯಲ್ಲೇ ಇರಬೇಕೆಂಬುದು ನಮ್ಮಲ್ಲಿರುವ ಕಟ್ಟು. ಅಮ್ಮಿಗೆ ಅದರ ಬಗ್ಗೆ ತಕರಾರಿರಲಿಲ್ಲ. "ನಿಮ್ಮಬ್ಬಾನ ಜೊತೆ ಅಷ್ಟು ವರ್ಷ ಬಾಳ್ದೆ, ಇಷ್ಟು ದಿನ ಕೂತ್ರೆ ಸವೆದು ಹೋಗ್ತೀನಾ?" ಅಂದಳು. ಶಿರಾದ ಮನೆಯ ಹಿಂದಿನ ಕೋಣೆಯಲ್ಲಿ ತಸ್ಬಿಯ ಮಣಿ ಎಣಿಸುತ್ತಾ ಕೂತವಳನ್ನು ನೋಡಿದರೆ ಉಸಿರು ಕಟ್ಟುತ್ತಿದ್ದದ್ದು ನನಗೆ.

ತೊಂದರೆ ಬಂದದ್ದು ಪಾವಗಡದಿಂದ. ಅಲ್ಲಿ ಅಮ್ಮಿಯ ಅಕ್ಕ, ನನ್ನ ದೊಡ್ಡಮ್ಮ, ಹಾಸಿಗೆ ಹಿಡಿದಿದ್ದಳು. ಉರ್ದುವಿನಲ್ಲಿ ಮಾತು ಶುರುಮಾಡಿ ತೆಲುಗಿನಲ್ಲಿ ಮುಗಿಸುವ ಹೆಂಗಸು. ವಿಡಿಯೋ ಕಾಲ್‌ನಲ್ಲಿ ತಂಗಿಯ ಮುಖ ಕಂಡೊಡನೆ "ಒಕ್ಕಸಾರಿ ರಾ ಅಮ್ಮಾ" ಎನ್ನುವಳು, ಒಂದೇ ಒಂದು ಸಲ ಬಂದು ಹೋಗು ಎಂದು ಕೈಚಾಚುವಳು. ಆ ಕೈ ಫೋನಿಗೆ ಬಡಿದು ಚಿತ್ರ ಕತ್ತಲಾಗುತ್ತಿತ್ತು. ಅಮ್ಮಿ ಫೋನನ್ನು ನನಗೆ ಕೊಟ್ಟು ಗೋಡೆಗೆ ತಿರುಗಿಬಿಡುವಳು.

"ಹೋಗ್ಬರ್ಲಾ?" ಎಂದು ಅವಳು ಒಂದೇ ಸಲ ಕೇಳಿದಳು, ಅಬ್ಬಾನ ಅಣ್ಣನನ್ನು. ದೊಡ್ಡಪ್ಪ ಕೆಟ್ಟವರೇನಲ್ಲ. ತಮ್ಮ ಸತ್ತ ಮೇಲೆ ದಿನಾ ಹಾಲು, ತರಕಾರಿ ತಂದು ಬಾಗಿಲಲ್ಲಿಟ್ಟು ಹೋಗುವವರು. ಆದರೆ ಜನಕ್ಕೆ ಹೆದರುವುದರಲ್ಲಿ ಅವರನ್ನು ಮೀರಿಸುವವರಿಲ್ಲ. "ಇದ್ದತ್‌ನಾಗೆ ಹೊಸ್ತಿಲು ದಾಟಾದು ಹೆಂಗಮ್ಮ? ಮೊಹಲ್ಲಾದೋರು ಏನಂತಾರೆ? ಸತ್ತ ತಮ್ಮಂಗೆ ನಾಳೆ ನಾನೇನು ಜವಾಬು ಕೊಡ್ಲಿ?" ಅಂದರು.

ನಾನು ಮಧುಗಿರಿಯ ಶಾಲೆಯೊಂದರಲ್ಲಿ ಕನ್ನಡ ಟೀಚರ್. ಅರಬ್ಬಿಯನ್ನು ಅರ್ಥ ತಿಳಿಯದೆ ಓದಬಲ್ಲೆ. ಉರ್ದು ಮಾತಾಡಬಲ್ಲೆ, ಓದಲಾರೆ. ಧರ್ಮದ ಮಾತನ್ನೆಲ್ಲ ಇನ್ನೊಬ್ಬರ ಬಾಯಿಂದ, ಅದೂ ಗಂಡಸರ ಬಾಯಿಂದ ಕೇಳಿ ಬೆಳೆದವಳು. ಹಾಗಾಗಿ ಹದೀಸುಗಳನ್ನು, ಅಂದರೆ ಪ್ರವಾದಿಯವರ ನಡೆನುಡಿಯ ವರದಿಗಳನ್ನು, ಅನುವಾದಿಸಿ ಇಟ್ಟಿರುವ ಜಾಲತಾಣಗಳು ಫೋನಿನಲ್ಲಿ ಸಿಕ್ಕಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಕನ್ನಡದ ಭಾಗ ಮಾತ್ರ, ಶಿರಾಕ್ಕೆ ಹೋಗದೆ ಬಡವನಹಳ್ಳಿಯಲ್ಲೇ ತಿರುಗಿಬಿಡುವ ಬಸ್ಸಿನಂತೆ, ಅರ್ಧಕ್ಕೇ ನಿಂತುಹೋಗುತ್ತಿತ್ತು. ಆಮೇಲೆ ಇಂಗ್ಲಿಷೇ ಗತಿ. ಆ ಮಂಗಳವಾರ ಶಾಲೆ ಬಿಟ್ಟ ಮೇಲೆ ಶಿರಾದ ಬಸ್ಸಿನಲ್ಲಿ ಕೂತು ಹುಡುಕಿದೆ.

ಸಿಕ್ಕಿತು! ಇದ್ದತ್ತಿನಲ್ಲಿದ್ದ ಹೆಂಗಸೊಬ್ಬಳು ತೋಟಕ್ಕೆ ಖರ್ಜೂರ ಕೊಯ್ಯಲು ಹೊರಟಳಂತೆ. ಯಾರೋ ಒಬ್ಬ ಗದರಿದ. ಅವಳು ನೇರ ಪ್ರವಾದಿಯವರನ್ನೇ ಕೇಳಿದಳು, ಹೋಗಲು ಅಪ್ಪಣೆ ಸಿಕ್ಕಿತು. ನಾನು ಬಸ್ಸಿನಲ್ಲಿ ಕುಣಿಯುವುದೊಂದು ಬಾಕಿ. ಇನ್ನೊಮ್ಮೆ ಓದಿದಾಗ ಮೊದಲ ಸಾಲು ಕಣ್ಣಿಗೆ ಚುಚ್ಚಿತು. ಅವಳು ತಲಾಕ್ ಆಗಿ ಇದ್ದತ್ತಿಗೆ ಕೂತವಳು, ವಿಧವೆಯಲ್ಲ. ಇನ್ನಷ್ಟು ಹುಡುಕಿದರೆ ವಿಧವೆಯೂ ಸಿಕ್ಕಳು. ತೌರಿನವರ ಬಳಿ ಹೋಗಲಾ ಎಂದು ಕೇಳಿದ ಅವಳಿಗೆ ಮೊದಲು ಹೂಂ ಅಂದು, ಅವಳಿನ್ನೂ ಅಂಗಳ ದಾಟುವ ಮೊದಲೇ ವಾಪಸ್ ಕರೆಸಿ, ಅವಧಿ ಮುಗಿಯುವ ತನಕ ಮನೆಯಲ್ಲೇ ಇರು ಎಂದು ಹೇಳಲಾಗಿತ್ತು. ಯಾವುದು ಯಾರಿಗೆ, ಎಂಥ ಹೊತ್ತಿಗೆ ಎಂಬ ವಿವರಣೆ ಅಲ್ಲಿ ಇರಲಿಲ್ಲ. ಸಿಟ್ಟು ಬಂತು. ಯಾರ ಮೇಲೆಂದು ನನಗೇ ತಿಳಿಯಲಿಲ್ಲ.

ಮನೆ ಸೇರಿದಾಗ ಒಂದನ್ನು ಓದಿ ಇನ್ನೊಂದನ್ನು ನುಂಗಿಬಿಡೋಣ ಅನ್ನಿಸದೇ ಇರಲಿಲ್ಲ. ಆದರೆ ಅಕ್ಷರ ಬಾರದ ಅಮ್ಮಿ ನನ್ನ ಬಾಯನ್ನೇ ನೋಡುತ್ತಾ ಕೂತಿದ್ದಳು. ಎರಡನ್ನೂ ಓದಿದೆ. ದೊಡ್ಡಪ್ಪ ಪರದೆಯಾಚೆ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡರು.

"ಎರಡ್ನೇದು ಇನ್ನೊಂದ್ಸಲ ಓದಮ್ಮ," ಅಂದರು.

ಓದಿದೆ. ಆಗ ಅಮ್ಮಿ ಕೇಳಿದಳು: "ವಾಪಸ್ ಕರೆಸಿದ್ರಲ್ಲ, ಆ ಹೆಂಗ್ಸಿನ ತೌರಲ್ಲಿ ಯಾರಾದ್ರೂ ಸಾಯಂಗಿದ್ರಾ? ನೋಡು ಬೇಟಾ, ಬರ್ದೈತಾ?"

ಮೇಲೆ ಕೆಳಗೆ ಸರಿಸಿ ನೋಡಿದೆ. ಅಂಥದ್ದೇನೂ ಬರೆದಿರಲಿಲ್ಲ.

"ಫೋನ್ ನೋಡ್ಕಂಡು ದೀನ್ ಧರ್ಮ ನಡ್ಸಾಕಾಗಲ್ಲ ಬುಡು. ಶುಕ್ರವಾರ ಜುಮ್ಮಾ ನಮಾಜ್ ಆಗ್ಲಿ, ಹಜ್ರತ್‌ರನ್ನೇ ಕೇಳಾನ," ಎಂದು ದೊಡ್ಡಪ್ಪ ಎದ್ದರು. ಮಸೀದಿಯ ಹಜ್ರತ್‌ಗೆ ಈಗಲೇ ಫೋನ್ ಮಾಡಿ ಎಂದೆ. ಇಂಥದ್ದನ್ನು ಎದುರು ಕೂತು ಕೇಳಬೇಕು ಎಂದರು. ಕಾರು ತರಿಸುತ್ತೇನೆ, ಯಾರು ತಡೀತಾರೋ ನೋಡ್ತೀನಿ ಎಂದು ಕೂಗಾಡಿದೆ. ತಡೆದವಳು ಅಮ್ಮಿ. "ದಿನಾ ನನ್ ಬಾಗ್ಲಿಗೆ ಬಂದು ವಿಚಾರಿಸೋರು ಅವರೇ. ಅವರ ಮಾತು ಮೀರಿ ಹೋಗಲ್ಲ. ಜುಮ್ಮಾ ಏನು ದೂರ ಐತಾ?"

ದೂರವೇನಿರಲಿಲ್ಲ. ಗುರುವಾರ ಬೆಳಿಗ್ಗೆ ದೊಡ್ಡಮ್ಮ ಹೋದಳು.

ಆಗ ಯಾರಿಗೂ ಯಾವ ಹದೀಸೂ ಬೇಕಾಗಲಿಲ್ಲ. ದೊಡ್ಡಪ್ಪನೇ ಕಾರು ತಂದು ನಿಲ್ಲಿಸಿದರು. ಅಮ್ಮಿ ಹೊಸ್ತಿಲು ದಾಟಿದಳು. ಮೊಹಲ್ಲಾದವರು ತಲೆ ತಗ್ಗಿಸಿ ದಾರಿ ಬಿಟ್ಟರು. ಪಾವಗಡದಲ್ಲಿ ಅಕ್ಕನ ಮುಖ ನೋಡಿ, ಆಮೇಲೆ ಆ ಕೈಯನ್ನು ಹುಡುಕಿದಳು. ಅದು ಕಫನ್ನಿನ ಬಿಳಿ ಬಟ್ಟೆಯೊಳಗೆ ಸೇರಿಹೋಗಿತ್ತು.

ಮಾರನೆಯ ದಿನ ಜುಮ್ಮಾ ಮುಗಿಸಿ ದೊಡ್ಡಪ್ಪ ಬಂದು ಪರದೆಯಾಚೆ ನಿಂತರು. "ಕೇಳ್ದೆ ಕಣಮ್ಮ. ಅಂಥ ಜರೂರಿದ್ರೆ ಹಗಲೊತ್ತು ಹೋಗಿ, ಕತ್ತಲಾಗಾದ್ರೊಳಗೆ ಮನೆ ಸೇರ್ಬೋದಿತ್ತಂತೆ. ಮೊದ್ಲೇ ಯಾಕೆ ಕೇಳ್ಲಿಲ್ಲ ಅಂದ್ರು," ಎಂದರು. ಹೇಳದೆ ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಅದಕ್ಕೇ ಅವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ನನ್ನಿಂದ ಆಗುತ್ತಿಲ್ಲ. ಅಮ್ಮಿ ಒಳಗಿನಿಂದ "ಚಾ ಕುಡ್ಕಂಡು ಹೋಗಿ" ಎಂದಳು, ಅಷ್ಟೆ.

ಇದ್ದತ್ತು ಮುಗಿದಿದೆ. ಅಮ್ಮಿ ಈಗ ಸಂತೆಗೂ ಹೋಗಿಬರುತ್ತಾಳೆ, ಪಾವಗಡದ ಬಸ್ಸು ಮಾತ್ರ ಹತ್ತುವುದಿಲ್ಲ. ನಾನು ಶಿರಾಕ್ಕೆ ಹೋದಾಗಲೆಲ್ಲ "ಆ ಖರ್ಜೂರದವಳದ್ದು ಓದು" ಅನ್ನುತ್ತಾಳೆ. ಅವಳ ಕಥೆಯೇ ಬೇರೆ, ತನ್ನದೇ ಬೇರೆ ಎಂದು ಅಮ್ಮಿಗೂ ಗೊತ್ತು. ಆದರೂ ಓದುತ್ತೇನೆ. ಹೋಗಲು ಅಪ್ಪಣೆ ಸಿಗುವ ಸಾಲು ಬಂದೊಡನೆ ಅವಳು ಕೈಯೆತ್ತಿ ತಡೆಯುತ್ತಾಳೆ.

"ಹೊಂಟ್ಳಲ್ಲ, ಸಾಕು ನಿಲ್ಸು."