ಎಡಗಿವಿಯ ಪಕ್ಕದ ಸೀಟು

ಆ ಸೀಟಿಗೆ ಮುನ್ನೂರೈವತ್ತು ರೂಪಾಯಿ ಇತ್ತು. ನಾನು ಕೊಡಲಿಲ್ಲ. ಇರಲಿಲ್ಲವೆಂದಲ್ಲ, ಸುಮ್ಮನಿದ್ದರೆ ಪುಕ್ಕಟೆ ಸಿಗುವ ಸೀಟಿಗೆ ರೊಕ್ಕ ಯಾಕೆ ಸುರಿಯಬೇಕು ಎಂಬ ಲೆಕ್ಕ. ಆ ಲೆಕ್ಕ ಎಲ್ಲಿ ತಪ್ಪಿತೆಂದು ಹೇಳಬೇಕಾದರೆ ಮೊದಲು ನನ್ನ ವೈನಿಯ ಕಿವಿಯ ಬಗ್ಗೆ ಹೇಳಬೇಕು.

ವೈನಿ ಅಂದರೆ ಅಣ್ಣನ ಹೆಂಡತಿ. ಯಾರಾದರೂ ಮಾತಾಡಿಸಿದರೆ ಸಾಕು, ಮುಖವನ್ನು ಬಲಕ್ಕೆ ಹೊರಳಿಸಿಬಿಡುತ್ತಿದ್ದರು. ಹೊಸಬರು ಈ ಹೆಣ್ಣುಮಗಳಿಗೆ ಏನೋ ಸಿಟ್ಟು ಎಂದುಕೊಳ್ಳುತ್ತಿದ್ದರು. ಅದು ಸಿಟ್ಟಲ್ಲ, ಮರ್ಯಾದೆ. ಸಣ್ಣಂದಿನಲ್ಲೇ ಸೋರಿ ಸೋರಿ ಬಲಗಿವಿ ಪೂರ್ತಿ ಹೋಗಿತ್ತು. ಕೇಳುವ ಎಡಗಿವಿಯನ್ನು ಎದುರಿನವರಿಗೆ ಕೊಡುತ್ತಿದ್ದರು. ಆ ಕಿವಿಯ ಬೆಂಡೋಲೆ ಬೆಳಕಿಗೆ ಮಿಂಚಿತೆಂದರೆ ಇನ್ನು ಮಾತು ಶುರುಮಾಡಬಹುದು ಎಂದು ಅರ್ಥ.

ಅವರು ಮನಗೂಳಿಯಿಂದ ಹೊರ್ತಿಯ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನಿನ್ನೂ ಮೂಗು ಒರೆಸಿಕೊಳ್ಳಲು ಬಾರದ ಹುಡುಗ. ಅವ್ವ ಅದೇ ವರ್ಷ ತೀರಿಕೊಂಡಿದ್ದಳು. ಊಟಕ್ಕೆ ಕೂತರೆ ವೈನಿಯ ಎಡಮಗ್ಗುಲು ಯಾರಿಗೆ ಎಂದು ನಮ್ಮಲ್ಲಿ ಜಗಳ. ಅಲ್ಲಿ ಕೂತವನ ಮಾತಷ್ಟೇ ಮನೆಯಲ್ಲಿ ನಡೆಯುತ್ತಿತ್ತು, ಬಲಕ್ಕೆ ಕೂತವನು ಅರಚಿಕೊಂಡರೂ ಖಾರಬ್ಯಾಳಿ ಎರಡನೇ ಸಲ ಬರುತ್ತಿರಲಿಲ್ಲ. ಒಂದು ತೊಂದರೆ ಮಾತ್ರ ಇತ್ತು. ಅವರ ಕಿವಿಯಲ್ಲಿ ಗುಟ್ಟು ಹೇಳಬಹುದಿತ್ತು, ಆದರೆ ಅವರು ಕೊಡುವ ಉತ್ತರ ಮೂರು ಮನೆ ಆಚೆಗೂ ಕೇಳುತ್ತಿತ್ತು. "ಪರೀಕ್ಷಾದಾಗ ಫೇಲ್ ಆದ್ಯಾ? ಅಳಬ್ಯಾಡ, ಯಾರಿಗೂ ಹೇಳೂದಿಲ್ಲ!" ಎಂದು ಅವರು ಸಮಾಧಾನ ಹೇಳಿದ ದಿನ ಇಡೀ ಓಣಿಗೆ ನನ್ನ ಪರೀಕ್ಷೆಯ ನಿಕಾಲು ಗೊತ್ತಾಯಿತು.

ಇವತ್ತು ಇಂಡಿ ತಾಲೂಕಿನ ಲಿಂಬೆಹಣ್ಣನ್ನು ದಿಲ್ಲಿಯ ಮಾರುಕಟ್ಟೆಗೆ ಕಳಿಸುವ ವ್ಯಾಪಾರಿ ನಾನು. ಬಸವನ ಬಾಗೇವಾಡಿ, ಮುದ್ದೇಬಿಹಾಳದ ತನಕ ತೋಟದವರು ನನ್ನ ಜೊತೆ ರೇಟು ಮಾತಾಡಲು ಹೆದರುತ್ತಾರೆ. ಆ ವಿದ್ಯೆ ಕಲಿಸಿದವರು ವೈನಿ. ಹೈಸ್ಕೂಲಿಗೆ ಹೋಗಲು ನನಗೊಂದು ಹಳೇ ಸೈಕಲ್ ಕೊಡಿಸಬೇಕೆಂದು ಸಿಂದಗಿ ಸಂತೆಗೆ ಕರೆದುಕೊಂಡು ಹೋಗಿದ್ದರು. ಮಾರುವವನು ರೇಟು ಹೇಳಿದ. ವೈನಿ ನಿಧಾನಕ್ಕೆ ತಿರುಗಿ ಬಲಗಿವಿ ಕೊಟ್ಟರು.

"ಏನಂದ್ರೀ?"

ಅವನು ಜೋರಾಗಿ ಹೇಳಿದ.

"ಕೇಳಸ್ಲಿಲ್ರೀ ಯಣ್ಣಾ."

ಅವನು ಒದರಿದ. ಮಂದಿ ಸೇರಿತು. ಬೀಡಿ ಸೇದುತ್ತ ನಿಂತಿದ್ದ ಒಬ್ಬ ಮುದುಕ, "ಏ ಮಾವಾ, ನಿನ್ನ ರೇಟು ಸಿಂದಗಿಗೆಲ್ಲ ಕೇಳ್ತು, ಆ ಹೆಣ್ಮಗಳಿಗೆ ಅಷ್ಟ ಕೇಳವಲ್ದು ನೋಡು" ಎಂದ. ಎಲ್ಲರೂ ನಕ್ಕರು. ಮಾರುವವನಿಗೆ ನಾಚಿಕೆಯಾಗಿ ಹತ್ತಿರ ಬಂದು, ದನಿ ಇಳಿಸಿ, ರೇಟನ್ನೂ ಇಳಿಸಿ ಹೇಳಿದ. ವೈನಿಯ ಬೆಂಡೋಲೆ ಮಿಂಚಿತು.

"ಹಾಂ, ಈಗ ಕೇಳಸ್ತು ನೋಡ್ರಿ."

ಸೈಕಲ್ ತಳ್ಳಿಕೊಂಡು ಬರುವಾಗ ಹೇಳಿದರು: "ತಮ್ಮಾ, ಮದಲ್ನೇ ರೇಟು ಕೇಳಿಸ್ಕೋಬಾರ್ದು. ಕೇಳಿಸ್ಕೊಂಡ್ರ ಅದಕ ಜವಾಬು ಕೊಡಬೇಕಾಗತೈತಿ."

ಈ ಒಂದು ಮಾತಿನ ಮೇಲೆ ನಾನು ಮನೆ ಕಟ್ಟಿದೆ, ಗೋದಾಮು ಕಟ್ಟಿದೆ.

ಅವರು ನನ್ನನ್ನು ಕೇಳಿದ್ದು ಒಂದೇ ಒಂದು ಸಲ, ಒಂದೇ ಒಂದು. "ಗಂಗವ್ವನ್ನ ನೋಡಬೇಕಂತ ಐತೋ." ವ್ಯಾಪಾರಕ್ಕೆ ದಿಲ್ಲಿಗೆ ಹೊರಟಿದ್ದೆ, ಹೆಂಡತಿಯನ್ನೂ ವೈನಿಯನ್ನೂ ಕರೆದುಕೊಂಡು ಹೋಗಿ ಹರಿದ್ವಾರ ತೋರಿಸಿ ಬರೋಣವೆಂದು ಹೈದರಾಬಾದಿನಿಂದ ವಿಮಾನದ ಟಿಕೆಟ್ ತೆಗೆದೆ. ತೋಟದ ನೀರಿನ ಪಾಳಿ ಇದ್ದುದರಿಂದ ಅಣ್ಣ ಮನೆಯಲ್ಲೇ ಉಳಿದ.

ಸೀಟು ಹಿಡಿಯುವುದರಲ್ಲಿ ನನ್ನದೊಂದು ಉಪಾಯವಿತ್ತು, ಹತ್ತಾರು ಮಂದಿಗೆ ಹೇಳಿಕೊಟ್ಟಿದ್ದೆ ಕೂಡ. ಮೂವರಿದ್ದರೆ ಕಿಟಕಿಯದಕ್ಕೂ ದಾರಿ ಪಕ್ಕದ್ದಕ್ಕೂ ಅಷ್ಟೇ ರೊಕ್ಕ ಕಟ್ಟಿ. ನಡುವಿನ ಸೀಟನ್ನು ಯಾವ ಹುಚ್ಚನೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ, ಅದು ತಾನಾಗಿ ಮೂರನೆಯವರಿಗೆ ಬರುತ್ತದೆ. ಖಾಲಿ ವಿಮಾನದಲ್ಲಿ ಇದು ನಡೆಯುತ್ತದೆ. ನಮ್ಮದು ದೀಪಾವಳಿ ಹತ್ತಿರವಿದ್ದಾಗಿನ ವಿಮಾನ, ತುಂಬಿ ತುಳುಕುತ್ತಿತ್ತು. ಕೌಂಟರಿನಲ್ಲಿ ವೈನಿಗೆ ಸಿಕ್ಕಿದ್ದು ಹಿಂದೆ, ಎಷ್ಟೋ ಸಾಲುಗಳ ಹಿಂದೆ, ಇಬ್ಬರು ಅಪರಿಚಿತರ ನಡುವಿನ ಜಾಗ. ಒಳಗೆ ಹೋಗಿ ಸರಿಮಾಡುತ್ತೇನೆ ಎಂದೆ. ಬಸ್ಸಿನಲ್ಲಿ "ಸ್ವಲ್ಪ ಸರೀರಿ" ಎಂದರೆ ಸರಿಯುತ್ತಾರಲ್ಲ, ಹಾಗೆ.

"ಎಲ್ಲಿ ಕುಂತ್ರೂ ಏರೋಪ್ಲೇನು ಒಂದ ಊರಿಗೆ ಹೋಗತೈತಿಲ್ಲೋ" ಎಂದು ವೈನಿ ನಗುತ್ತ ಹಿಂದೆ ನಡೆದರು.

ನಮ್ಮ ನಡುವಿನ ಸೀಟಿಗೆ ಬಂದವನು ದಿಲ್ಲಿಯ ಒಬ್ಬ ಸೇಠ್. ಹಿಂದಿನ ಸೀಟಿಗೆ ಹೋಗುತ್ತೀರಾ ಎಂದೆ, ಒಲ್ಲೆ ಎಂದ. ಹೆಂಡತಿ ಕಿಟಕಿಯ ಕಡೆಯಿಂದ ಬಾಗಿ, "ನೀವ ಹಿಂದ ಹೋಗ್ರಿ, ಅಕ್ಕನ್ನ ಇಲ್ಲಿ ಕಳಸ್ರಿ. ಆಕಿಗೆ ಒಂದ ಕಿವಿ ಅನ್ನೂದು ಮರ್ತ್ರೇನು?" ಎಂದಳು. ಏಳಬೇಕೆಂದೇ ಇದ್ದೆ. ಅಷ್ಟರಲ್ಲಿ ಸೇಠ್ ಫೋನಿನಲ್ಲಿ ಯಾರಿಗೋ ಲಿಂಬೆಯ ರೇಟು ಹೇಳಿದ. ನನ್ನ ಕಿವಿ ನಿಮಿರಿತು. "ಆಮ್ಯಾಲ ಹೋಗ್ತೇನಿ ತಡಿ" ಎಂದು ಹೆಂಡತಿಗೆ ಹೇಳಿ ಬೆಲ್ಟು ಕಟ್ಟಿಕೊಂಡೆ.

ಮಾತು ಕುದುರುತ್ತಿತ್ತು. ಒಂದು ಹೊತ್ತಿನಲ್ಲಿ ವಿಮಾನ ಕಲ್ಲುದಾರಿಯ ಟ್ರ್ಯಾಕ್ಟರಿನಂತೆ ಕುಲುಕತೊಡಗಿತು. ಮೈಕಿನಲ್ಲಿ ಏನೋ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹೇಳಿದರು. ಸ್ವಲ್ಪ ಗಾಳಿ, ಹೆದರಬೇಡಿ ಎಂದೇ ಇರಬೇಕು. ಎರಡೂ ಕಿವಿ ಇದ್ದವರಿಗೆ ಅದು ಕೇಳಿಸಿತು. ಆಗ ಹಿಂದಿನಿಂದ ಆ ದನಿ ಬಂತು, ಮೂರು ಮನೆ ದಾಟಬಲ್ಲ ದನಿ.

"ತಮ್ಮಾ! ಎಲ್ಲಿದ್ದೀಯೋ ತಮ್ಮಾ? ಇದು ಬೀಳಾಕತ್ತೈತೇನೋ?"

ಯಾರೋ ಕಿಸಕ್ಕನೆ ನಕ್ಕರು. ತಲೆಗಳು ತಿರುಗಿದವು.

"ತಮ್ಮಾ, ಓ ಅನ್ನೋ!"

"ಯಾರದು, ನಿಮ್ಮ ಕಡೆಯವರೇ?" ಎಂದು ಸೇಠ್ ಹಿಂದಿಯಲ್ಲಿ ಕೇಳಿದ, ತುಟಿಯಲ್ಲಿ ನಗು ಇಟ್ಟುಕೊಂಡು.

"ಯಾರೋ ಹಳ್ಳಿಯವರು" ಎಂದೆ. ಎಂದು, ಚೀಲಕ್ಕೆಷ್ಟು ಎನ್ನುವಲ್ಲಿಂದ ಮಾತು ಮುಂದುವರಿಸಿದೆ.

ಹೆಂಡತಿ ಅಲ್ಲಿಂದಲೇ "ಅಕ್ಕಾ, ಇಲ್ಲೇ ಅದೇವ್ರಿ!" ಎಂದು ಕೂಗಿದಳು. ಅಷ್ಟು ದೂರದ ಮಾತು ಅವರಿಗೆ ತಲುಪುವಂತಿರಲಿಲ್ಲ. ಕುಲುಕಾಟ ನಿಂತ ಕೂಡಲೇ ನಮ್ಮಿಬ್ಬರನ್ನೂ ದಾಟಿಕೊಂಡು ಹಿಂದಕ್ಕೆ ಓಡಿದಳು. ದಾಟುವಾಗ ನನ್ನ ಮುಖ ನೋಡಿ ಅಂದದ್ದು ಇಷ್ಟೇ: "ಥೂ ನಿಮ್ಮ." ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲ. ವೈನಿಯ ಪಕ್ಕದಲ್ಲಿದ್ದ ಪಂಜಾಬಿ ಅಜ್ಜಿ, ಒಂದು ಮಾತೂ ತಿಳಿಯದವಳು, ಅಷ್ಟು ಹೊತ್ತೂ ಅವರ ಕೈ ಹಿಡಿದುಕೊಂಡು ಕೂತಿದ್ದಳಂತೆ. ನೀರು ಬೇಕೇ ಎಂದು ಗಗನಸಖಿ ಬಲಗಡೆಯಿಂದ ಕೇಳಿ ಹೋಗಿದ್ದಳಂತೆ. ವೈನಿಯ ಗಂಟಲು ಒಣಗಿಯೇ ಇತ್ತು.

ದಿಲ್ಲಿಯಲ್ಲಿ ಇಳಿದು ಚೀಲಕ್ಕಾಗಿ ಕಾಯುತ್ತಿದ್ದಾಗ ವೈನಿ ಹತ್ತಿರ ಬಂದರು. ಬೈಯುತ್ತಾರೆಂದು ನಿಂತೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಒಳಗ ಸಪ್ಪಳ ಭಾಳ ಇತ್ತು. ನಿನಗ ಕೇಳಸ್ಲಿಲ್ಲ, ಬಿಡು" ಎಂದರು.

ಕೇಳಿಸದಂತೆ ಇರುವ ಕಸುಬನ್ನು ನನಗೆ ಕಲಿಸಿದವರ ಎದುರು ನಾನು ನಿಂತಿದ್ದೆ. ಅವರಿಗೆ ಗೊತ್ತಾಗದೆ ಇರುತ್ತದೆಯೇ? ಕ್ಷಮಿಸಿ ಎನ್ನಬೇಕಾದರೆ ಕೇಳಿಸಿತ್ತು ಎಂದು ಒಪ್ಪಬೇಕು. ನಾನು ಹೌದೆಂದು ತಲೆ ಆಡಿಸಿದೆ.

ಹರಿದ್ವಾರದಲ್ಲಿ ಹುಡುಗಿಯಂತೆ ಗಂಗೆಗಿಳಿದರು. ವಾಪಸು ಬರುವಾಗ ನಾನು ಮೂರೂ ಸೀಟಿಗೆ ರೊಕ್ಕ ಕಟ್ಟಿ, ಅವರನ್ನು ಬಲಗಡೆಯ ಕಿಟಕಿಗೆ ಕೂರಿಸಿ, ಎಡಮಗ್ಗುಲಲ್ಲಿ ನಾನೇ ಕೂತೆ. "ಹತ್ತಿ ಹಿಂಜಿ ಒಗದಂಗ ಐತಲ್ಲೋ ಮೋಡ" ಎಂದರು. ಧೈರ್ಯ ಮಾಡಿ ಅವರ ಕಿವಿಯ ಹತ್ತಿರ ಬಾಗಿ, "ವೈನಿ, ಅವತ್ತ ನಾ..." ಎಂದೆ. ಅವರು ಸೆರಗು ಎಳೆದು ಎಡಗಿವಿ ಮುಚ್ಚಿಕೊಂಡರು.

"ಎ.ಸಿ. ಗಾಳಿ ಬಡೀತೈತಿ ತಮ್ಮಾ."

ಆ ಸೇಠ್ ಇವತ್ತಿಗೂ ನನ್ನ ಖಾಯಂ ಗಿರಾಕಿ. ಫೋನಿನಲ್ಲಿ ಅವನ ಹೆಸರು ಬಂದಾಗಲೆಲ್ಲ ಹೆಂಡತಿ ಎದ್ದು ಬೇರೆ ಕೋಣೆಗೆ ಹೋಗುತ್ತಾಳೆ. ಹೋದ ವರ್ಷ ಚಳಿಯಲ್ಲಿ ವೈನಿ ಹಾಸಿಗೆ ಹಿಡಿದರು. ಮಂಚದ ಎಡಮಗ್ಗುಲನ್ನು ಮನೆಯವರೆಲ್ಲ ನನಗೇ ಬಿಟ್ಟುಕೊಟ್ಟಿದ್ದರು, ಸಾಕಿದ ಮೈದುನ ಎಂದು. ಆದರೆ ಆ ಹೊತ್ತಿಗೆ ಎಡಗಿವಿಯೂ ಹೋಗಿತ್ತು. ಹೇಳಿದೆ, ಪೂರ್ತಿ ಹೇಳಿದೆ. ಅವರು ಮಾಳಿಗೆಯ ತೊಲೆ ನೋಡುತ್ತಿದ್ದರು. ಹೊಲದಲ್ಲಿ ಮಣ್ಣು ಕೊಟ್ಟು ಬಂದೆವು.

ಈಗ ನೀವು ಮನೆಮಂದಿಯನ್ನು ವಿಮಾನದಲ್ಲಿ ಕರೆದುಕೊಂಡು ಹೋಗುವವರಿದ್ದರೆ ಕೇಳಿ. ಹಬ್ಬದ ಎಡಬಲದಲ್ಲಿ ನಡುವಿನ ಸೀಟು ಉಳಿಯುತ್ತದೆ ಎಂದು ನಂಬಬೇಡಿ. ಟಿಕೆಟ್ ತೆಗೆದ ದಿನವೇ ಎಲ್ಲರ ಸೀಟನ್ನೂ ಒಟ್ಟಿಗೆ ಹಿಡಿಯಿರಿ. ಮೊದಲು ಹಿಡಿಯಬೇಕಾದದ್ದು ತನಗೇನೂ ಬೇಡ ಎನ್ನುವವರ ಸೀಟನ್ನು, ನಿಮ್ಮದು ಕೊನೆಗೆ. ಎಡಗಿವಿ ಕೇಳುವವರಿಗೆ ಬಲಗಡೆಯ ಕಿಟಕಿ, ಬಲಗಿವಿ ಕೇಳುವವರಿಗೆ ಎಡಗಡೆಯ ಕಿಟಕಿ. ಮಗ್ಗುಲಲ್ಲಿ ಮನೆಯವರೇ ಇರಲಿ. ಇಷ್ಟು ಮಾಡಿಯೂ ಬೇರೆ ಬೇರೆ ಸೀಟು ಬಂದರೆ, ಒಳ್ಳೆಯದನ್ನು ಅವರಿಗೆ ಕೊಟ್ಟು ನೀವು ಎದ್ದು ಹಿಂದೆ ಹೋಗಿ. ಏಳಲಾಗದ ಹೊತ್ತಿನಲ್ಲಿ ಅವರು ಕೂಗಿದರೆ, ಪಕ್ಕದಲ್ಲಿ ಯಾರೇ ಕೂತಿರಲಿ, ಅಲ್ಲಿಂದಲೇ ಗಟ್ಟಿಯಾಗಿ ಓಗೊಡಿ. ಬೆಲ್ಟು ಕಟ್ಟಿರುವುದು ಹೊಟ್ಟೆಗೆ, ಬಾಯಿಗಲ್ಲ.